ನೀಲಗಿರಿ ಹುಳ

ನಮ್ಮ ಓಣಿಯ ಮಹಾಬಳೇಶ್ವರ ತನ್ನ ಮನೆಯ ಮುಂದೆ ಬೋರ್ಡು ಹಾಕಿಸಿದಾಗ ಅದನ್ನು ಓದಲು ಹೊರಗೆ ಬಂದವರಲ್ಲಿ ನಾನೂ ಒಬ್ಬಳು. 'ಜೀವಕೋಶ ಸಂಶೋಧನಾ ಕೇಂದ್ರ, ದಾಂಡೇಲಿ' ಎಂದು ಹಸಿರು ಅಕ್ಷರಗಳಲ್ಲಿ ಬರೆದಿತ್ತು. ಕೆಳಗೆ ಅವನ ಹೆಸರು, ಹೆಸರಿನ ಮುಂದೆ 'ಸಂಷೋಧಕರು'. ಮೇಲೆ ಸರಿ ಬರೆದ ಪೇಂಟರು ಕೆಳಗೆ ಬರುವಷ್ಟರಲ್ಲಿ ಎಡವಿದ್ದ. ಅದನ್ನು ಇವತ್ತಿಗೂ ಯಾರೂ ತಿದ್ದಿಲ್ಲ. ದಿನಾಲೂ ಆ ಬೋರ್ಡಿನ ಧೂಳು ಒರೆಸುವ ಸಂಶೋಧಕರ ಕಣ್ಣಿಗೆ ಅದು ಬಿದ್ದಿಲ್ಲ.

ಅವನು ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಬಹುವಚನ ಹಚ್ಚಿ ಬರೆಯಬೇಕು. ಪ್ರಯತ್ನ ಮಾಡಿ ನೋಡಿದೆ, ಕೈ ಬರುವುದಿಲ್ಲ.

ಅವನ ತಂದೆ ಬೈಲಹೊಂಗಲದ ಕಡೆಯಿಂದ ಬಂದು ಕಾಗದದ ಕಾರ್ಖಾನೆಯ ಅಂಗಳದಲ್ಲಿ ಬಿದಿರು ಹೊತ್ತವರು. ಮೈ ಮುರಿಯುವಷ್ಟು ದುಡಿದರು, ಯಾರಿಗೂ ಕೆಟ್ಟದ್ದು ಮಾಡಲಿಲ್ಲ, ಸೋಮವಾರ ದಾಂಡೇಲಪ್ಪನ ಗುಡಿಯಲ್ಲಿ ಅವರನ್ನು ನೋಡಿದ ನೆನಪು ನನಗಿದೆ. ಮಗ ಎರಡು ಸಲ ಪರೀಕ್ಷೆಗೆ ಕೂತು ಪಿಯುಸಿ ದಾಟಿದ. ವಿಜ್ಞಾನ ಓದಿದ್ದಾನೆಂದು ಕಾರ್ಖಾನೆಯ ಲ್ಯಾಬಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಕುದಿಸಿದ ತಿರುಳಿನ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, ಬಣ್ಣ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಎಳೆಗಳನ್ನು ನೋಡುವುದು. ಬಿದಿರಿನ ಎಳೆ ಎಷ್ಟು, ನೀಲಗಿರಿಯ ಎಳೆ ಎಷ್ಟು, ಹೇಳುವುದು. ಈ ಒಂದು ಕೆಲಸದಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲವಂತೆ. ಇದನ್ನು ಬರೆಯದೆ ಬಿಟ್ಟರೆ ನಾನು ಸುಳ್ಳು ಹೇಳಿದಂತೆ.

ಆದರೆ ಕೆಲಸ ಚೆನ್ನಾಗಿ ಬರುವುದು ಅವನಿಗೆ ಸಾಲದು. ಅದನ್ನು ನಾಲ್ಕು ಜನ ಹೇಳಬೇಕು. ಜೊತೆಯವರು ಅವನನ್ನು 'ಮಾಬಳ್ಯಾ' ಎನ್ನುತ್ತಿದ್ದರು. ಅದು ಸಲಿಗೆಯ ಕರೆ. ನಮ್ಮ ಕಡೆ ಗೆಳೆಯರು ಹಾಗೇ ಕರೆಯುವುದು. ಅವನು ಮಾತ್ರ ಮನೆಗೆ ಬಂದು ಹೆಂಡತಿಯ ಮುಂದೆ ಮುಖ ಊದಿಸಿ ಕೂರುತ್ತಿದ್ದ. ಅನ್ನಪೂರ್ಣಾ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಗಂಡನ ಬಗ್ಗೆ ನನ್ನ ಹತ್ತಿರ ಹೇಳಿದ್ದು ಬಹಳವಿಲ್ಲ. ಹೇಳಿದಾಗಲೆಲ್ಲ 'ನಮ್ಮ ಸಾಹೇಬ್ರು' ಎಂದೇ ಹೇಳುತ್ತಾಳೆ. ಆ ಎರಡು ಶಬ್ದಗಳನ್ನು ಅವಳ ಬಾಯಲ್ಲಿ ಕೇಳಬೇಕು.

ಅವನು ನಿವೃತ್ತನಾದ ಮರುವರ್ಷ ಸಹನಾ ನಮ್ಮ ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದಳು. ಧಾರವಾಡದ ಕಡೆಯ ಹುಡುಗಿ, ಸಂಶೋಧನೆ ಮಾಡುವವಳು. ಸುಟ್ಟ ಗಾಯ, ಮಾಯದ ಹುಣ್ಣು, ಇಂಥವಕ್ಕೆ ಬಿದಿರಿನ ಎಳೆಯಿಂದ ತೆಳು ಪದರ ಮಾಡುವ ಒಂದು ತಂಡದಲ್ಲಿದ್ದಳು. ಬಿದಿರಿನ ತಿರುಳನ್ನು ಇಲ್ಲಿ ಸಿದ್ಧಮಾಡಿಕೊಂಡು ಧಾರವಾಡಕ್ಕೆ ಒಯ್ಯುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಡುತ್ತಿದ್ದಳು. ನಾನು ಶಾಲೆಗೆ ಹೋದದ್ದು ಸ್ವಲ್ಪ, ಕೇಳುವುದಕ್ಕೆ ಮಾತ್ರ ಬೇಸರವಿಲ್ಲ.

ಎಳೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಅರೆದು, ಹಾಲಿನ ಕೆನೆಯಂಥ ಪದರ ಮಾಡುತ್ತಾರೆ. ಅದರ ಮೇಲೆ ಚರ್ಮದ ಜೀವಕೋಶಗಳನ್ನು ಬಿಟ್ಟು, ಮುಚ್ಚಳದ ತಟ್ಟೆಯಲ್ಲಿ ಇಡುತ್ತಾರೆ. ಮೈಯಷ್ಟೇ ಬಿಸಿ ಇರಬೇಕು, ಹೊತ್ತಿಗೆ ಸರಿಯಾಗಿ ಆಹಾರದ ನೀರು ಬದಲಿಸಬೇಕು, ಒಂದು ಕಣ ಧೂಳು ಬಿದ್ದರೂ ಎಲ್ಲ ಕೆಡುತ್ತದೆ. ಕೊನೆಗೆ ಬಣ್ಣ ಹಾಕಿ ನೋಡಿದರೆ ಬದುಕಿದ ಕೋಶಗಳು ಹಸಿರಾಗಿ ಹೊಳೆಯುತ್ತವೆ. ಅವಳ ಫೋನಿನಲ್ಲಿ ಆ ಚಿತ್ರ ನೋಡಿದೆ. ಕರಿ ಬಯಲಿನ ಮೇಲೆ ಹಸಿರು ಚಿಕ್ಕೆಗಳು ಕೈ ಚಾಚಿಕೊಂಡು ಒಂದನ್ನೊಂದು ಹುಡುಕುತ್ತಿದ್ದವು. ನನಗರಿವಿಲ್ಲದೆ ಕೈ ಮುಗಿದೆ. ಸಹನಾ ನಗಲಿಲ್ಲ.

ಆ ಪದರಕ್ಕೆ ಅವಳು ಕೊಟ್ಟ ಹೆಸರು ಹಂದರ. "ಹೀರೀಬಳ್ಳಿಗೆ ಹಂದರ ಹಾಕ್ತೀರಲ್ಲರಿ ಅಕ್ಕಾರ, ಹಂಗ. ಕೋಶ ಹಬ್ಬಾಕ ಒಂದು ಆಸರ ಬೇಕು. ಆದ್ರ ಇದು ಇನ್ನೂ ತಾಟಿನ್ಯಾಗಷ್ಟ ಐತಿ, ಮನಷ್ಯಾರ ಮ್ಯಾಲೆ ಹಾಕೂ ಹಂತಕ್ಕ ಬಂದಿಲ್ಲ" ಎಂದಳು. ಈ ಮಾತನ್ನು ಅವಳು ಮಹಾಬಳೇಶ್ವರನಿಗೂ ಎಷ್ಟೋ ಸಲ ಹೇಳಿದ್ದಳು.

ಯಾಕೆಂದರೆ ಅವನೂ ಅಲ್ಲಿದ್ದ. ತಿರುಳು ತೊಳೆದು ಹಾಳೆ ಎತ್ತಲು ಅನುಭವವಿದ್ದವರು ಬೇಕೆಂದು ತಂಡದವರು ಅವನನ್ನು ಕರೆದುಕೊಂಡಿದ್ದರು. ಆಗೀಗ ಹಾಳೆ ತೆಗೆದುಕೊಂಡು ಧಾರವಾಡಕ್ಕೂ ಹೋಗಿಬರುತ್ತಿದ್ದ. ಅಲ್ಲಿಯ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಅವನಿಗೂ ಇಣುಕಲು ಬಿಟ್ಟಿದ್ದಾರೆ. ಸಹನಾ ಮರ್ಯಾದಸ್ಥರ ಮನೆಯ ಹುಡುಗಿ. ಹಿರಿಯನೆಂದು 'ಸರ್' ಎಂದು ಕರೆದಳು. ನೀವಿಲ್ಲದಿದ್ದರೆ ನಮ್ಮ ಕೆಲಸ ಆಗುತ್ತಿರಲಿಲ್ಲ ಎಂದು ಒಮ್ಮೆ ಬಾಯಿತುಂಬ ಹೇಳಿದಳು. ಇಂಥ ಮಾತು ಬೇರೆ ಯಾರ ಕಿವಿಗೆ ಬಿದ್ದರೂ ಒಂದು ದಿನ ಖುಷಿಪಟ್ಟು ಮರೆಯುತ್ತಿದ್ದರು. ಇವನ ತಲೆಗೆ ಅದು ಹೋಗಿ ಕೂತದ್ದು ಮತ್ತೆ ಕೆಳಗಿಳಿಯಲಿಲ್ಲ.

ತಂಡದ ಇಲ್ಲಿಯ ಕೆಲಸ ಮುಗಿಯಿತು, ಸಹನಾ ಹೋದಳು. ಇವನು ಬೆಳಗಾವಿಯಿಂದ ಒಂದು ಹಳೆಯ ಸೂಕ್ಷ್ಮದರ್ಶಕ ತಂದ. ಅದಕ್ಕೆ ಕ್ಯಾಮೆರಾ ಸಿಕ್ಕಿಸಿ ಟಿವಿಗೆ ಜೋಡಿಸಿದ. ಅನ್ನಪೂರ್ಣಾ ಹಪ್ಪಳ ಸಂಡಿಗೆಯ ಡಬ್ಬಿ ಇಡುತ್ತಿದ್ದ ಕೋಣೆ ಖಾಲಿಯಾಯಿತು, ಹೊರಗೆ ಬೋರ್ಡು ಬಂತು.

ಕೇಂದ್ರದಲ್ಲಿ ನಡೆಯುತ್ತಿದ್ದುದು ಇಷ್ಟು. ಬಂದವರ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಾಕುವುದು. ಆ ಗಾಜುಗಳನ್ನು ತೊಳೆದು, ಹೋಟೆಲಿನಲ್ಲಿ ಕೈ ಒರೆಸಲು ಇಡುತ್ತಾರಲ್ಲ, ಆ ಮೆತ್ತನೆಯ ಕಾಗದದಿಂದ ಒರೆಸುವುದು ಅನ್ನಪೂರ್ಣಾಳ ಕೆಲಸ. ಟಿವಿಯಲ್ಲಿ ರಕ್ತದ ಕಣಗಳು ದುಂಡಗೆ ತುಂಬಿಕೊಂಡು ಕಾಣುತ್ತಿದ್ದವು. ಅವುಗಳ ನಡುವೆ ಎಲ್ಲಿಯೋ ಒಂದು ಕಡೆ ಚಪ್ಪಟೆಯಾದ, ಮಡಚಿಕೊಂಡ ಉದ್ದನೆಯದೊಂದು ತಪ್ಪದೆ ಇರುತ್ತಿತ್ತು. ರಕ್ತ ಹರಿದ ಹಾಗೆ ಅದು ಹೊರಳಾಡುತ್ತಿತ್ತು. ಮಹಾಬಳೇಶ್ವರ ಒಂದು ಉದ್ದ ಕಡ್ಡಿಯಿಂದ ಅದನ್ನು ಮುಟ್ಟಿ ತೋರಿಸುತ್ತಿದ್ದ. ಹುಳ. ಸಕ್ಕರೆ ಕಾಯಿಲೆಯವರ ಗಾಯ ಮಾಯದಿರಲು ಇದೇ ಕಾರಣ, ಡಾಕ್ಟರರ ಹತ್ತಿರ ಇದನ್ನು ತೋರಿಸುವ ಯಂತ್ರವಿಲ್ಲ, ಎನ್ನುತ್ತಿದ್ದ.

ಪರಿಹಾರ ಹಂದರ. ತಿರುಳನ್ನು ಅಡುಗೆಮನೆಯ ಮಿಕ್ಸರಿನಲ್ಲಿ ತಿರುವಿ, ಊಟದ ತಾಟಿನಲ್ಲಿ ಹರಡಿ, ಕಾಗೆ ಕೂರುವ ಗಚ್ಚಿಯ ಮೇಲೆ ಒಣಗಿಸಿದ ಹಾಳೆ. ಅದನ್ನು ಗಾಯಕ್ಕೆ ಅಂಟಿಸಿ ಮೇಲೆ ಬಟ್ಟೆ ಸುತ್ತುತ್ತಿದ್ದ. ಹುಳ ಹಾಳೆ ತಿನ್ನಲು ಹೊರಗೆ ಬರುತ್ತದೆ, ಅಷ್ಟರಲ್ಲಿ ಜೀವಕೋಶ ಹಬ್ಬುತ್ತದೆ. ಇದು ಅವನ ಸಿದ್ಧಾಂತ. ದುಡ್ಡು ಅವನಿಗೆ ಅಷ್ಟು ಮುಖ್ಯವಿರಲಿಲ್ಲ. ದುಡ್ಡಿಗಾಗಿ ಮಾಡಿದ್ದರೆ ನನಗೆ ಅರ್ಥವಾದರೂ ಆಗುತ್ತಿತ್ತು. ಬಂದವರು 'ಸರ್' ಎನ್ನಬೇಕು, ಅಷ್ಟೇ. 'ಕಾಕಾ' ಎಂದವರಿಗೆ ಕೇಳಿಸದವನಂತೆ ಕೂರುತ್ತಿದ್ದ.

ಶಿವವ್ವ ಬಂದದ್ದು ಹಳಿಯಾಳದ ಹತ್ತಿರದ ಹಳ್ಳಿಯಿಂದ, ಗಂಡ ಅಡಿವೆಯ್ಯನವರ ಜೊತೆ. ಕೇಂದ್ರದ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಅವರ ಬಸ್ಸು ಬರುತ್ತಿತ್ತು. ನಮ್ಮ ಕಟ್ಟೆಯ ಮೇಲೆ ಕೂರಲು ಹೇಳಿ ಚಹಾ ಕೊಟ್ಟೆ. ಹಾಗೆ ಪರಿಚಯ. ಕಬ್ಬು ಕಡಿದ ಹೊಲದಲ್ಲಿ ಕೂಳೆ ತಾಗಿ ಬಲಗಾಲ ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆ, ಕಾಲಿಗೆ ಸ್ಪರ್ಶವಿಲ್ಲ, ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೊಳೆದು ಪಟ್ಟಿ ಕಟ್ಟಿ, ತಪ್ಪದೆ ಬಂದರೆ ಕಾಲು ಉಳಿಯುತ್ತದೆ ಎಂದಿದ್ದರಂತೆ. ಹೋಗಿಬಂದು ಹೋಗಿಬಂದು ಅವರು ದಣಿದಿದ್ದರು. ಅಷ್ಟರಲ್ಲಿ ಯಾರೋ ದಾಂಡೇಲಿಯ ಟಿವಿಯ ಬಗ್ಗೆ ಹೇಳಿದ್ದರು.

"ಕಾಲೊಂದು ಉಳದ್ರ ಸಾಕ್ರಿ ಅಕ್ಕಾರ" ಎಂದಳು ಶಿವವ್ವ. "ಎಮ್ಮಿ ನನ್ನ ಕೈಗಲ್ಲದ ಬ್ಯಾರೆಯವರ ಕೈಗೆ ಹಾಲ ಕೊಡೂದಿಲ್ಲ. ನಾ ಮೂಲ್ಯಾಗ ಕುಂತ್ರ ಅದೂ ಬತ್ತತೈತಿ, ನಾನೂ ಬತ್ತತೇನಿ."

ಆ ದಿನ ಮಹಾಬಳೇಶ್ವರ ಅವಳಿಗೆ ಹುಳ ತೋರಿಸಿದ. ತನ್ನದೇ ರಕ್ತ, ತನ್ನ ಕಣ್ಣೆದುರು ಹೊರಳಾಡುವ ಹುಳ. ನಂಬದೆ ಹೇಗಿರುತ್ತಾಳೆ? ಹಂದರ ಅಂಟಿಸಿ, ತಾನು ಹೇಳುವ ತನಕ ಬಿಚ್ಚಕೂಡದು, ಹುಬ್ಬಳ್ಳಿಗೂ ಹೋಗಕೂಡದು ಎಂದ. ಮದುವೆಗೆ ಹಂದರ ಹಾಕಿದವರು ಕಾರ್ಯ ಮುಗಿಯುವ ಮೊದಲೇ ಕಿತ್ತುಹಾಕುತ್ತಾರೆಯೇ ಎಂದು ಕೇಳಿದನಂತೆ. ಸಹನಾ ತಿಳಿಯಲೆಂದು ಬಳಸಿದ ಶಬ್ದ ಅದು. ಇವನು ಅದನ್ನು ಹೆದರಿಸಲು ಬಳಸಿದ. ಶಿವವ್ವನಂಥ ಹೆಣ್ಣುಮಗಳು ಹಂದರಕ್ಕೆ ಕೈ ಹಚ್ಚುವುದುಂಟೇ? ಕಾಲಿನ ಬಟ್ಟೆಗೆ ಅರಿಶಿನ ಕುಂಕುಮ ಹಚ್ಚಿಕೊಂಡೇ ಮುಂದಿನ ಸಲ ಬಂದಳು.

ಅವತ್ತು ಅವಳು ಕಟ್ಟೆಯ ಮೇಲೆ ಕೂತಾಗ ನನಗೆ ವಾಸನೆ ಬಂತು. ಬಟ್ಟೆಯ ಮೇಲುಗಡೆ ಪಾದ ಊದಿ ಮಿಂಚುತ್ತಿತ್ತು. ಒಳಗೆ ಹೋಗಿ ಸಹನಾಳಿಗೆ ಫೋನು ಮಾಡಿದೆ. ಇವತ್ತೇ ಆಸ್ಪತ್ರೆಗೆ ಹೋಗಲಿ, ನಾಳೆಗೆ ಬೇಡ, ಎಂದು ಅವಳು ಗಾಬರಿಯಿಂದ ಹೇಳಿದಳು. ನಾನು ಅಡಿವೆಯ್ಯನವರಿಗೆ ಅದನ್ನೇ ಹೇಳಿದೆ. ಅವರು ಒಳ್ಳೆಯ ಮನುಷ್ಯ, ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, ಸಾಹೇಬರು ಬಿಚ್ಚಬೇಡ ಎಂದಿದ್ದಾರೆ, ವಾಸನೆ ಬರುವುದು ಹುಳ ಸಾಯುವುದರ ಗುರುತಂತೆ, ಎಂದರು. ಒಂದು ಕಡೆ ಟಿವಿ, ಇನ್ನೊಂದು ಕಡೆ ಚಹಾ ಕೊಡುವ ಹೆಂಗಸು. ಅವರನ್ನು ಏನೆಂದು ದೂಷಿಸಲಿ. ಅವರ ಜೊತೆ ನಾನೂ ಒಳಗೆ ಹೋದೆ. ಕಾಲಿನ ಬಟ್ಟೆ ಬಿಚ್ಚಿಸುವ ತನಕ ಹೊರಗೆ ಬರಬಾರದೆಂದು ಮನಸ್ಸಿನಲ್ಲಿ ಶಿವನನ್ನು ನೆನೆದುಕೊಂಡೆ.

ಮಹಾಬಳೇಶ್ವರ ನನ್ನನ್ನು ನೋಡಿಯೂ ನೋಡದ ಹಾಗೆ ಮಾಡಿದ. ನಾನು ಹೇಳಿದ್ದಕ್ಕೆ, ವಿಜ್ಞಾನದ ವಿಷಯದಲ್ಲಿ ಮನೆ ಹೆಂಗಸರು ಬಾಯಿ ಹಾಕಬಾರದು ಎಂದ. ಶಿವವ್ವನ ಬೆರಳು ಚುಚ್ಚಿ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟ. ಟಿವಿಯಲ್ಲಿ ಕಣಗಳು ಬಂದವು, ಹುಳವೂ ಬಂತು. ಹುಳ ಸಣ್ಣದಾಗಿದೆ, ಅಂದರೆ ಗುಣವಾಗುತ್ತಿದೆ, ಇನ್ನೊಂದು ಹಂದರ ಇದರ ಮೇಲೆಯೇ ಹಾಕೋಣ, ಎಂದು ಕಡ್ಡಿ ಎತ್ತಿದ.

ಬಾಗಿಲಲ್ಲಿ ಸುಭಾಸ ಬಂದು ನಿಂತದ್ದು ಆಗ. ಕಾರ್ಖಾನೆಯ ಲ್ಯಾಬಿನಲ್ಲಿ ಇವನ ಜೊತೆ ದುಡಿದು ನಿವೃತ್ತನಾದವನು, ಈಗ ಇಲ್ಲೇ ಹತ್ತಿರದ ರಾಮನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಮಗಳ ಸೀಮಂತಕ್ಕೆ ಕರೆಯಲು ಬಂದಿದ್ದ. ಮನುಷ್ಯ ಎಲ್ಲಿ ಹೋದರೂ ಚೇಷ್ಟೆ ಬಿಡುವವನಲ್ಲ. ಟಿವಿಯ ಕಡೆ ನೋಡಿದ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ.

"ಲೇ ಮಾಬಳ್ಯಾ" ಎಂದ, "ನೌಕರಿ ಬಿಟ್ರೂ ಬಿದರ ನೋಡೂದ ಬಿಡಲಿಲ್ಲೇನೋ ನೀ?"

ಮಹಾಬಳೇಶ್ವರ ತಿರುಗಿದ. ಅವನ ಮುಖ ಕೆಂಪಾಯಿತು. ಗುಟ್ಟು ಹೊರಬಿದ್ದಿತಲ್ಲ ಎಂದು ಹೆದರಿದನೆಂದೇ ನಾನು ತಿಳಿದೆ. ಅಷ್ಟು ತಿಳಿವಳಿಕೆ ಅವನಿಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

"ಬಿದರ? ಕಣ್ಣ ಎಲ್ಲಿಟ್ಟಿಯೋ?" ಎಂದ. ಕಡ್ಡಿಯಿಂದ ಟಿವಿಯ ಗಾಜನ್ನು ಟಕ್ ಟಕ್ ಎಂದು ಬಡಿದ. "ಇದು ನೀಲಗಿರಿ. ಗಿಡ್ಡ ಐತಿ ನೋಡು. ಬಿದರಾಗಿದ್ರ ಇದರ ಎರಡಪಟ್ಟು ಉದ್ದ ಇರ್ತಿತ್ತು. ಇಡೀ ನೌಕರಿ ಮುಗಿಸಿದಿ, ಎರಡರ ಫರಕ ತಿಳೀಲಿಲ್ಲ ನಿನಗ."

"ಹೌದಪಾ, ನೀಲಗಿರೀನ" ಎಂದು ಸುಭಾಸ ಒಪ್ಪಿಕೊಂಡ. "ನೀ ಶಾಣ್ಯಾ."

ಮಹಾಬಳೇಶ್ವರನ ಎದೆ ಉಬ್ಬಿತು. ಆ ಕ್ಷಣಕ್ಕೆ ಅವನು ನಿಜವಾಗಿಯೂ ಸಂತೋಷವಾಗಿದ್ದ. ಕೋಣೆಯಲ್ಲಿ ನಾವು ಮೂವರು ಇದ್ದೇವೆಂಬುದನ್ನೇ ಮರೆತಿದ್ದ.

ಶಿವವ್ವ ಬೆರಳಿಗೆ ಹತ್ತಿ ಒತ್ತಿಕೊಂಡು ಟಿವಿಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು: "ನೀಲಗಿರಿ ಅಂದ್ರ ಗಿಡ ಅಲ್ಲೇನ್ರಿ ಸಾಹೇಬ್ರ? ನನ್ನ ರಕ್ತದಾಗ ಗಿಡ ಹೆಂಗ ಬಂತ್ರಿ?"

ಮಹಾಬಳೇಶ್ವರನ ಕೈಯ ಕಡ್ಡಿ ಕೆಳಗಿಳಿಯಿತು. ಹಾಗೊಂದು ಜಾತಿಯ ಹುಳವಿದೆ, ಅದಕ್ಕೂ ನೀಲಗಿರಿ ಎಂದೇ ಹೆಸರು, ಎಂದು ತೊದಲಿದ. ಸುಭಾಸನಿಗೆ ನಗು ಉಕ್ಕಿ ಬಂತು. ನಗುತ್ತಲೇ ಕೆಳಗೆ ನೋಡಿದ, ಕಾಲು ಕಂಡಿತು, ನಗು ನಿಂತಿತು.

"ನಮ್ಮ ಹೊಲದ ಬದುವಿನ್ಯಾಗ ನೀಲಗಿರಿ ಹಚ್ಚೇವಿ" ಎಂದರು ಅಡಿವೆಯ್ಯನವರು. ಧ್ವನಿ ಏರಿರಲಿಲ್ಲ. "ಅದು ಹುಳ ಆದದ್ದು ನಾ ಇನ್ನೂ ಕಂಡಿಲ್ಲ." ಹೆಂಡತಿಯ ಕಡೆ ತಿರುಗಿ ಕೈ ಚಾಚಿದರು. "ಏಳು. ಹುಬ್ಬಳ್ಳಿಗೆ ಹೋಗೂಣು."

ಅನ್ನಪೂರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕಾಗದದ ಕಟ್ಟು ಇತ್ತು. "ಗಾಜು ಅರವೀಲೆ ಒರಸ್ತೇನಿ, ಪೇಪರಿನ ಎಳಿ ಗಾಜಿಗೆ ಹತ್ತತೈತಿ ಅಂತ ಮೊದಲಿನ ದಿನಾನ ಹೇಳಿದ್ದೆ" ಎಂದಳು, ಯಾರಿಗೆಂದು ಹೇಳದೆ. "ಪೇಪರ್‌ಲೇನ ಒರಸು ಅಂದ್ರು ನಮ್ಮ ಸಾಹೇಬ್ರು." ಆಮೇಲೆ ಚಪ್ಪಲಿ ಮೆಟ್ಟಿಕೊಂಡು ರಿಕ್ಷಾ ಕರೆಯಲು ತಾನೇ ಹೊರಟಳು.

ಮೊದಲ ದಿನದಿಂದ ಅವನಿಗೆ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಆಗ. ಅದುವರೆಗೆ ಅವನನ್ನು ದಡ್ಡನೆಂದು ತಿಳಿದಿದ್ದೆ. ದಡ್ಡರ ಬಗ್ಗೆ ನನಗೆ ಬೇಸರವಿಲ್ಲ, ದೇವರು ಅವರನ್ನೂ ಕಾಯುತ್ತಾನೆ. ಇವನ ಕಣ್ಣು ಪ್ರತಿ ಸಲವೂ ಕಾಗದದ ಎಳೆಯನ್ನು ಗುರುತಿಸಿದೆ, ಬಾಯಿ ಹುಳ ಎಂದಿದೆ. ಮನುಷ್ಯರ ಕಾಲು ಕೊಳೆಯುವಾಗ ನಿಜ ಹೇಳಲು ಬಾರದವನು, ನೀಲಗಿರಿಯನ್ನು ಯಾರೋ ಬಿದಿರು ಎಂದದ್ದನ್ನು ತಡೆದುಕೊಳ್ಳಲಾರದೆ ಹೋದ. ಇಷ್ಟು ಸಣ್ಣ ಮನುಷ್ಯನನ್ನು ತೋರಿಸುವ ಯಂತ್ರ ಬೆಳಗಾವಿಯಲ್ಲೂ ಸಿಗಲಿಕ್ಕಿಲ್ಲ.

ಹುಬ್ಬಳ್ಳಿಯಲ್ಲಿ ಹಾಳೆಯನ್ನು ನೆನೆಸಿ ಕಿತ್ತರಂತೆ, ಅದರ ಜೊತೆ ಮಾಂಸವೂ ಬಂತಂತೆ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಹೋದವು. ಪಾದ ಉಳಿಯುತ್ತದೋ ಇಲ್ಲವೋ ಎಂದು ಬಹಳ ದಿನ ತೂಗಾಡಿತು. ಸಹನಾ ಧಾರವಾಡದಿಂದ ಬಂದು ಹೋಗಿ ನೋಡಿಕೊಂಡಳು. ತಾನು ಅವನಿಗೆ ಸರ್ ಎಂದದ್ದರಿಂದಲೇ ಇದೆಲ್ಲ ಆಯಿತೇ ಎಂದು ಫೋನಿನಲ್ಲಿ ಅತ್ತಳು. ಇಲ್ಲವೆಂದೆ. ಮರ್ಯಾದೆ ಕೊಟ್ಟವರ ತಪ್ಪಲ್ಲ ಅದು. ಅವನೋ, ಎರಡು ವಾರ ಬಾಗಿಲು ಮುಚ್ಚಿಕೊಂಡು ಕೂತ, ಮತ್ತೆ ತೆರೆದ. ಈಗ ಗಾಜನ್ನು ಹತ್ತಿಯಿಂದ ಒರೆಸುತ್ತಾರಂತೆ. ಹುಳಗಳು ಮೊದಲಿಗಿಂತ ಉದ್ದವಾಗಿವೆ. ಜನ ಇನ್ನೂ ಬರುತ್ತಾರೆ. ನನ್ನ ಕಟ್ಟೆಯ ಮೇಲೆ ಕೂತವರಿಗೆಲ್ಲ ನಾನು ಹೇಳುತ್ತೇನೆ, ಕೆಲವರು ಎದ್ದು ಹೋಗುತ್ತಾರೆ, ಕೆಲವರು ಒಳಗೆ ಹೋಗುತ್ತಾರೆ.

ಪಾದ ಉಳಿಯಿತು. ಮುಂಗಾರು ಮುಗಿದ ಮೇಲೆ ಶಿವವ್ವ ಗೋವಿನಜೋಳದ ತೆನೆ ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಅಳತೆ ತೆಗೆದು ಮಾಡಿಸಿದ ಮೆತ್ತನೆಯ ಚಪ್ಪಲಿ ಹಾಕಿಕೊಂಡಿದ್ದಳು. ಹೆಜ್ಜೆ ಸ್ವಲ್ಪ ಹೊರಕ್ಕೆ ಬೀಳುತ್ತಿತ್ತು, ಆದರೂ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಎಮ್ಮೆ ಹಾಲು ಕೊಡುತ್ತಿದೆ ಎಂದಳು.

ಮಹಾಬಳೇಶ್ವರ ತನ್ನ ಬಾಗಿಲಿನಿಂದ ನೋಡಿದವನು ಇಳಿದು ಬಂದ. ತಪ್ಪಾಯಿತು ಎನ್ನಲು ಬರುತ್ತಿದ್ದಾನೆಂದುಕೊಂಡೆ. ಕಾಲು ಉಳಿಯಿತಲ್ಲ ಎಂದು ನಕ್ಕ. ಹಂದರ ಹಾಕಿದ್ದಕ್ಕೇ ಅಷ್ಟು ಉಳಿದದ್ದು, ಹುಬ್ಬಳ್ಳಿಯವರು ಇದನ್ನು ಒಪ್ಪುವುದಿಲ್ಲ, ಎಂದ. ಜೇಬಿನಿಂದ ಫೋನು ತೆಗೆದ. ಒಳಗಿನ ಗೋಡೆಗೆ ಹಚ್ಚಲು ಒಂದು ಫೋಟೋ ಬೇಕು, ನಾಲ್ಕು ಜನಕ್ಕೆ ಧೈರ್ಯ ಬರುತ್ತದೆ.

ಶಿವವ್ವ ಚಪ್ಪಲಿ ಬಿಚ್ಚಿ, ಬಲಗಾಲನ್ನು ಕಟ್ಟೆಯ ಮೆಟ್ಟಿಲ ಮೇಲೆ, ಅವನಿಗೆ ಎದುರಾಗಿ ಇಟ್ಟಳು.

ಅವನು ಬಗ್ಗಿ ಫೋನಿನಲ್ಲಿ ನೋಡಿದ. ಈ ಕಡೆ ಸರಿದು ನೋಡಿದ, ಆ ಕಡೆ ಸರಿದು ನೋಡಿದ. "ಸ್ವಲ್ಪ ಹೊಳ್ಳಿಸ್ರಿ ಯವ್ವಾ" ಎಂದ. "ಬೆರಳ ಹ್ವಾದ ಬಾಜೂ ಬರಬಾರದು."

ಶಿವವ್ವ ಅವನ ನೆತ್ತಿಯನ್ನು ನೋಡುತ್ತ ನಿಂತಳು.

"ಆ ಬಾಜೂನ ರೀ ನಿಮ್ಮ ಕೆಲಸ" ಎಂದಳು. "ಉಳದದ್ದು ನಿಮ್ಮದಲ್ಲ."

ಕಾಲು ತೆಗೆದು ಚಪ್ಪಲಿಗೆ ಸೇರಿಸಿದಳು. ತೆನೆಯ ಗಂಟು ಎತ್ತಿಕೊಂಡು, ನಡ್ರಿ ಅಕ್ಕಾರ ಎಂದು ನನಗಿಂತ ಮೊದಲು ಒಳಗೆ ನಡೆದಳು. ಅವಳಿಗೆ ಸಕ್ಕರೆ ಹಾಕದೆ ಚಹಾ ಮಾಡಿದೆ.